ಬೆಚ್ಚಗಿನ ದಿನಕ್ಕೇ ಬಿರುಗಾಳಿಯ ಎಚ್ಚರಿಕೆ ಏಕೆ?

ಚಳಿಗಾಲ ಮುಗಿಯುತ್ತಿದ್ದಂತೆ ಒಂದು ದಿನ ಸೆಕೆ, ಮರುದಿನ ನಡುಕ, ಅದರಲ್ಲೂ ಹಿತವಾದ ದಿನಕ್ಕೇ ಬಿರುಗಾಳಿಯ ಎಚ್ಚರಿಕೆ ಏಕೆ ಎಂದು ಕೇಳಿದ್ದೀರಿ. ಆ ಬೆಚ್ಚಗಿನ ಗಾಳಿಯೇ ಬಿರುಗಾಳಿಗೆ ಇಂಧನ.

ಅಮೆರಿಕದಂಥ ಕಡೆ ವಸಂತದ ಶುರುವಿನಲ್ಲಿ ಧ್ರುವದ ಕಡೆಯ ಚಳಿಗಾಳಿ ಇನ್ನೂ ಪೂರ್ತಿ ಹಿಂದೆ ಸರಿದಿರುವುದಿಲ್ಲ. ಅಷ್ಟರಲ್ಲೇ ಬೆಚ್ಚಗಿನ ಸಮುದ್ರದ ಕಡೆಯಿಂದ ತೇವದ ಗಾಳಿ ನುಗ್ಗುತ್ತದೆ. ಎರಡರ ನಡುವಿನ ಗಡಿ ಆಚೀಚೆ ಸರಿಯುತ್ತಲೇ ಇರುತ್ತದೆ. ಅದು ನಿಮ್ಮನ್ನು ದಾಟಿದರೆ ಕೆಲವೇ ಗಂಟೆಗಳಲ್ಲಿ 15 ಡಿಗ್ರಿ ಇಳಿದರೂ ಆಶ್ಚರ್ಯವಿಲ್ಲ.

ನೆಲದ ಹತ್ತಿರ ಬಿಸಿ, ತೇವ. ಮೇಲೆ ಕೊರೆಯುವ ಚಳಿ. ಹೀಗಿದ್ದಾಗ ಗಾಳಿ ರಭಸದಿಂದ ಮೇಲೇರಿ ಗುಡುಗಿನ ಮೋಡ ಕಟ್ಟುತ್ತದೆ. ಸುಮಾರು 10 ಕಿ.ಮೀ. ಎತ್ತರದಲ್ಲಿ ಹೊಳೆಯಂತೆ ರಭಸವಾಗಿ ಹರಿಯುವ ಗಾಳಿ, ಅಂದರೆ ಜೆಟ್ ಸ್ಟ್ರೀಮ್ ಕೂಡ ಆಗ ಇನ್ನೂ ಜೋರಾಗಿರುತ್ತದೆ. ಮೇಲೆ ಹೋದಂತೆ ಗಾಳಿಯ ವೇಗ, ದಿಕ್ಕು ಎರಡೂ ಬದಲಾದರೆ ಇಡೀ ಮೋಡವೇ ತಿರುಗಲು ಶುರುವಾಗಬಹುದು. ತುಂಬಾ ದೊಡ್ಡ ಆಲಿಕಲ್ಲು, ಭೀಕರ ಸುಂಟರಗಾಳಿ ಹೆಚ್ಚಾಗಿ ಬರುವುದು ಇಂಥ ಮೋಡದಿಂದಲೇ.

ಹಾಗಾಗಿ ಬರೀ ಉಷ್ಣಾಂಶ ನೋಡಬೇಡಿ. ಮೈಗೆ ಅಂಟುವ ತೇವ ದಿಢೀರನೆ ಜಾಸ್ತಿಯಾಗಿ, ಜೊತೆಗೆ ಗಾಳಿಯೂ ಬಲವಾದರೆ ಮುನ್ಸೂಚನೆಯನ್ನು ಮತ್ತೆ ನೋಡಿ. ಗುಡುಗು ಕೇಳಿಸಿತು ಅಂದ್ರೆ ಸಿಡಿಲು ನಿಮಗೂ ತಗಲುವಷ್ಟು ಹತ್ತಿರದಲ್ಲಿದೆ. ತಕ್ಷಣ ಒಳಗೆ ಹೋಗಿ, ಕೊನೆಯ ಗುಡುಗಿನ ನಂತರ 30 ನಿಮಿಷ ಹೊರಗೆ ಬರಬೇಡಿ. ಸುಂಟರಗಾಳಿಯ ಎಚ್ಚರಿಕೆ ಬಂದರೆ ಕೆಳಗಿನ ಮಹಡಿಯಲ್ಲಿ, ಕಿಟಕಿ ಇಲ್ಲದ ಒಳಕೋಣೆಯೇ ಒಳ್ಳೆಯದು. ನನಗೆ ಜಾಸ್ತಿ ಆತಂಕ ರಾತ್ರಿಯ ಬಿರುಗಾಳಿಯದ್ದು, ನಿದ್ದೆಯಲ್ಲಿ ಗೊತ್ತೇ ಆಗುವುದಿಲ್ಲ ಅಲ್ವಾ? ಅಂಥ ರಾತ್ರಿ ದಯವಿಟ್ಟು ಫೋನ್ ಸೈಲೆಂಟ್‌ನಲ್ಲಿ ಇಡಬೇಡಿ.