ಹೆಸರಿನ ಮುಂದೆ ‘ಡಾ.’ ಇದ್ದರೆ ಸಾಕಾ?

ಪ್ರಿಯ ಓದುಗರೇ,

‘ಕಳೆದ ಸಂಚಿಕೆಯಲ್ಲಿ ನಿದ್ದೆಯ ಬಗ್ಗೆ ಬರೆಯುವಾಗ ಡಾಕ್ಟರ್ ಒಬ್ಬರ ಪುಸ್ತಕದ ಮಾತು ಹಾಕಿದ್ದೀರಿ. ಅವರನ್ನು ತಜ್ಞರು ಅಂದಿದ್ದೀರಿ. ಅದು ನಿಜಾನಾ? ನಮ್ಮಂಥವರು ಪತ್ತೆ ಮಾಡೋದು ಹೇಗೆ?’ ಎಂದು ಕೇಳಿದ್ದೀರಿ. ಅಚ್ಚಿಗೆ ಕಳಿಸುವ ಮೊದಲೇ ನಾವು ಕೇಳಿಕೊಳ್ಳಬೇಕಿದ್ದ ಪ್ರಶ್ನೆ ಇದು.

ಪುಸ್ತಕದ ಬೆನ್ನಿಗಿರುವ ಪರಿಚಯವನ್ನು ಪಕ್ಕಕ್ಕಿಡಿ. ಅದನ್ನು ಹೆಚ್ಚಾಗಿ ಲೇಖಕರೋ ಪ್ರಕಾಶಕರೋ ಬರೆದಿರುತ್ತಾರೆ. ಪಿಎಚ್.ಡಿ. ಯಾವ ವಿಷಯದಲ್ಲಿ, ಯಾವ ವಿಶ್ವವಿದ್ಯಾಲಯದ್ದು ಅಂತ ಹುಡುಕಿ. ಸಾಮಾನ್ಯವಾಗಿ ಆ ವಿಶ್ವವಿದ್ಯಾಲಯದ ಗ್ರಂಥಾಲಯದ ಪಟ್ಟಿಯಲ್ಲಿ ಥೀಸಿಸ್ ಸಿಗುತ್ತದೆ. ಅದರ ಹೆಸರು ಓದಿದರೇ ಅರ್ಧ ಉತ್ತರ ಸಿಕ್ಕಂತೆ.

ಆಮೇಲೆ ಸಂಶೋಧನಾ ಲೇಖನಗಳು. ಇಲ್ಲೊಂದು ತೊಡಕಿದೆ. ಹಿಂದೆ ನಮಗೆ ಬರಹ ಕಳಿಸಿದ್ದ ಒಬ್ಬರ ಹೆಸರು ಹಾಕಿ ಹುಡುಕಿದಾಗ ಸಾಲುಸಾಲು ಲೇಖನ ಬಂದವು. ಖುಷಿಯಾಯಿತು. ಒಂದೊಂದೇ ತೆರೆದು ನೋಡಿದರೆ ಅರ್ಧ ಮಣ್ಣಿನ ಬಗ್ಗೆ, ಉಳಿದರ್ಧ ಮಕ್ಕಳು ಮಾತು ಕಲಿಯುವ ಬಗ್ಗೆ. ಇಬ್ಬರು ಬೇರೆ ಬೇರೆ ಜನ, ಇನಿಷಿಯಲ್ ಕೂಡ ಒಂದೇ. ಇಂಥ ಗೋಜಲು ಬಿಡಿಸೋಕೆ ಅಂತಲೇ 2012ರಲ್ಲಿ ಆರ್ಕಿಡ್ ಎಂಬ 16 ಅಂಕಿಗಳ ಗುರುತು ಸಂಖ್ಯೆ ಬಂತು. ಆದರೆ ಅದನ್ನು ಯಾರು ಬೇಕಾದರೂ ಪುಕ್ಕಟೆ ಮಾಡಿಕೊಳ್ಳಬಹುದು. ಅದರಿಂದ ಆಸಾಮಿ ಯಾರು ಅಂತ ಗೊತ್ತಾಗುತ್ತದೆ, ಅಷ್ಟೇ.

‘ಸಂಪಾದಕ ಮಂಡಳಿಯ ಸದಸ್ಯರು’ ಅನ್ನೋ ಸಾಲಿಗೂ ಜಾಸ್ತಿ ಬೆಲೆ ಕೊಡಬೇಡಿ. 2015ರಲ್ಲಿ ಪೋಲೆಂಡಿನ ಪಿಯೋತ್ರ್ ಸೊರೊಕೊವ್‌ಸ್ಕಿ ಮತ್ತು ಸಂಗಡಿಗರು ಅನ್ನಾ ಓ. ಶುಸ್ಟ್ ಎಂಬ, ಇಲ್ಲವೇ ಇಲ್ಲದ ವಿದ್ವಾಂಸೆಯ ಹೆಸರಲ್ಲಿ 360 ಸಂಶೋಧನಾ ಪತ್ರಿಕೆಗಳಿಗೆ ಅರ್ಜಿ ಹಾಕಿದರು. 48 ಪತ್ರಿಕೆಗಳು ಆಕೆಯನ್ನು ಸಂಪಾದಕಿಯಾಗಿ ಒಪ್ಪಿಕೊಂಡವು. ಪೋಲಿಷ್ ಭಾಷೆಯಲ್ಲಿ ‘ಓಶುಸ್ಟ್’ ಅಂದರೆ ಮೋಸಗಾರ.

ಹಾಗಂತ ಡಿಗ್ರಿ ಇಲ್ಲ ಅಂತ ಯಾರನ್ನೂ ತಳ್ಳಿಹಾಕಬೇಡಿ. ಮೈಕೆಲ್ ವೆಂಟ್ರಿಸ್ ಓದಿದ್ದು ವಾಸ್ತುಶಿಲ್ಪ. 1952ರಲ್ಲಿ ಪ್ರಾಚೀನ ಗ್ರೀಸಿನ ಲೀನಿಯರ್ ಬಿ ಲಿಪಿಯನ್ನು ಬಿಡಿಸಿದ್ದು ಅವರೇ. ಅವರು ಗುರುತಿಸಿದ ಅಕ್ಷರಗಳನ್ನು ಪುರಾತತ್ವಜ್ಞ ಕಾರ್ಲ್ ಬ್ಲೆಗನ್ ತಮ್ಮ ಉತ್ಖನನದಲ್ಲಿ ಸಿಕ್ಕ ಮಣ್ಣಿನ ಹಲಗೆಯೊಂದಕ್ಕೆ ಹಚ್ಚಿ ನೋಡಿದರು. ಮೂರು ಕಾಲಿನ ಪಾತ್ರೆಯ ಚಿತ್ರದ ಜೊತೆ ‘ತಿ-ರಿ-ಪೊ-ದೆ’ ಎಂಬ ಪದ ಬಂತು. ಗ್ರೀಕಿನಲ್ಲಿ ಅದು ಮುಕ್ಕಾಲಿ ಪಾತ್ರೆಯೇ! ನಾನು ಹುಡುಕುವುದು ಇದನ್ನೇ. ಆ ವಿಷಯ ಬಲ್ಲ ಬೇರೆಯವರು ಇವರ ಕೆಲಸವನ್ನು ಒರೆಗೆ ಹಚ್ಚಿದ್ದಾರಾ, ಏನು ಹೇಳಿದ್ದಾರೆ, ಪ್ರಕಟವಾದ ಲೇಖನವನ್ನು ಪತ್ರಿಕೆ ಆಮೇಲೆ ಹಿಂದಕ್ಕೆ ಪಡೆದಿದೆಯಾ ಅಂತ ನೋಡುತ್ತೇನೆ. 2010ರಿಂದ ನಡೆಯುತ್ತಿರುವ ರಿಟ್ರಾಕ್ಷನ್ ವಾಚ್ ಎಂಬ ಜಾಲತಾಣ ಇದಕ್ಕೆ ತುಂಬಾ ನೆರವಾಗುತ್ತದೆ.

ಈಗ ನೀವು ಕೇಳಿದ ಲೇಖಕರ ವಿಷಯ. ನಿಮ್ಮ ಪತ್ರ ಬಂದ ಮೇಲೆ ಕೂತು ಹುಡುಕಿದೆವು. ಪಿಎಚ್.ಡಿ. ನಿಜವೇ, ಆದರೆ ವಾಣಿಜ್ಯ ಶಾಸ್ತ್ರದ್ದು. ನಿದ್ದೆಯ ಬಗ್ಗೆ ಅವರ ಒಂದೂ ಸಂಶೋಧನಾ ಲೇಖನ ಸಿಗಲಿಲ್ಲ. ಹಾಗಂತ ಪುಸ್ತಕದ ಮಾತೇ ತಪ್ಪು ಅಂತಲ್ಲ. ತಜ್ಞರು ಅಂತ ಕರೆದದ್ದು ನಮ್ಮ ತಪ್ಪು. ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಹಾಕುತ್ತೇವೆ. ಆ ಪುಸ್ತಕದಿಂದ ನಾವು ಹಾಕಿದ್ದ ಎರಡು ಪ್ಯಾರಾಗಳನ್ನು ನಿದ್ದೆಯ ಬಗ್ಗೆಯೇ ವರ್ಷಗಟ್ಟಲೆ ಕೆಲಸ ಮಾಡಿದ ಒಬ್ಬರಿಗೆ ಕಳಿಸಿದ್ದೇವೆ. ಅವರು ಹೇಳಿದ್ದನ್ನೂ ಅದರ ಜೊತೆಗೇ ಪ್ರಕಟಿಸುತ್ತೇವೆ.

– ಸಂಪಾದಕರು