ಓದುಗರ ಪ್ರಶ್ನೆ, ನಮ್ಮ ಉತ್ತರ: ಬೀದಿಯ ತುದಿಯ ಅಂಗಡಿ, ಬೀರುವಿನ ಬಳೆ

ಪ್ರಶ್ನೆ: ನಾವು ಮಂಡ್ಯದ ಹಳೆಯ ಬಡಾವಣೆಯೊಂದರಲ್ಲಿ ವಾಸವಾಗಿದ್ದೇವೆ. ನಮ್ಮ ಬೀದಿಯ ತುದಿಯ ಮೊಬೈಲ್ ರೀಚಾರ್ಜ್ ಅಂಗಡಿಯಲ್ಲಿ ಎರಡು ವರ್ಷಗಳಿಂದ ಓಸಿ (ಬರುವ ಅಂಕಿಯ ಮೇಲೆ ಹಣ ಕಟ್ಟುವ ಮಟ್ಕಾ ಜೂಜು) ಬರೆಯುತ್ತಾರೆ; ಐಪಿಎಲ್ ಶುರುವಾದರೆ ಕ್ರಿಕೆಟ್ ಬೆಟ್ಟಿಂಗ್ ಕೂಡ ನಡೆಯುತ್ತದೆ. ಸಂಜೆಯಾಯಿತೆಂದರೆ ಹುಡುಗರು ಬೈಕ್ ನಿಲ್ಲಿಸಿಕೊಂಡು ಅಲ್ಲೇ ಕುಡಿಯುತ್ತಾರೆ. ಟ್ಯೂಷನ್ ಮುಗಿಸಿ ಬರುವ ಹೆಣ್ಣುಮಕ್ಕಳು ಅವರ ಮಾತು ಕೇಳಲಾರದೆ ಹಿಂದಿನ ರಸ್ತೆಯಿಂದ ಬಳಸಿಕೊಂಡು ಬರುತ್ತಿದ್ದಾರೆ. 26 ವರ್ಷದ ನನ್ನ ಮಗನೂ ಆ ಅಂಗಡಿಗೆ ಸಿಕ್ಕಿಕೊಂಡಿದ್ದಾನೆ. ಕಳೆದ ವರ್ಷ ಕಬ್ಬಿನ ಬಟವಾಡೆಯ ಹಣದಲ್ಲಿ ಅವನ ಸಾಲ ತೀರಿಸಿದೆವು. ಕರ್ಪೂರ ಹಚ್ಚಿ, ಇನ್ನು ಆಡುವುದಿಲ್ಲವೆಂದು ಆಣೆ ಮಾಡಿದ. ಹೋದ ತಿಂಗಳು ಅವನ ಅಂಗಿ ನೆನೆಹಾಕುವಾಗ ಜೇಬಿನಲ್ಲಿ ಗಿರವಿ ಅಂಗಡಿಯ ಚೀಟಿ ಸಿಕ್ಕಿತು. ಬೀರುವಿನಲ್ಲಿದ್ದ ನನ್ನ ಎರಡು ಬಳೆಗಳು ಅಲ್ಲಿಗೆ ಹೋಗಿವೆ. ಈಗ ಮೀಟರ್ ಬಡ್ಡಿಯವರು ಮನೆ ಬಾಗಿಲಿಗೆ ಬರುತ್ತಿದ್ದಾರೆ. ಊರಿನಲ್ಲಿರುವ ಹತ್ತು ಗುಂಟೆ ಮಾರಿ ಎಲ್ಲವನ್ನೂ ಒಂದೇ ಸಲ ತೀರಿಸಿ, ಮದುವೆ ಮಾಡಿದರೆ ಸರಿಹೋಗುತ್ತಾನೆ ಎಂದು ನಮ್ಮ ಯಜಮಾನರು ಹೇಳುತ್ತಾರೆ. ಪೊಲೀಸರಿಗೆ ಹೇಳಿದರೆ ಮಗನೇ ಸಿಕ್ಕಿಬೀಳುತ್ತಾನೆಂಬ ಭಯ ನನಗೆ. ದಾರಿ ತೋರಿಸಿ.
ಹೆಸರು ಬೇಡ, ಮಂಡ್ಯ

ಉತ್ತರ: ತಾಯಿ, ಆ ಹತ್ತು ಗುಂಟೆಯನ್ನು ಈಗ ಮಾರಬೇಡಿ, ಮದುವೆಯ ಮಾತನ್ನೂ ಸದ್ಯಕ್ಕೆ ಎತ್ತಬೇಡಿ. ಏನೂ ಅರಿಯದ ಇನ್ನೊಂದು ಮನೆಯ ಹೆಣ್ಣುಮಗಳನ್ನು ಈ ಸಾಲದ ನಡುವೆ ತಂದು ನಿಲ್ಲಿಸುವುದು ಆಕೆಗೆ ಮಾಡುವ ಅನ್ಯಾಯ. ಸಾಲವನ್ನು ಕಳೆದ ವರ್ಷವೇ ಒಮ್ಮೆ ತೀರಿಸಿ ನೋಡಿದ್ದೀರಿ. ಮನೆಯವರು ತೀರಿಸುತ್ತಾರೆಂದು ಒಮ್ಮೆ ಗೊತ್ತಾದ ಮೇಲೆ ಕೊಡುವವರ ಕೈ ಇನ್ನಷ್ಟು ಧಾರಾಳವಾಗುತ್ತದೆ, ಆಡುವವನಿಗೂ ಹೊಸದಾಗಿ ಸಾಲ ಹುಟ್ಟುತ್ತದೆ. ನಿಮ್ಮ ಯಜಮಾನರ ಪ್ರೀತಿಯ ಬಗ್ಗೆ ನನಗೆ ಅನುಮಾನವಿಲ್ಲ, ಆದರೆ ಆ ಪ್ರೀತಿ ಈಗ ಬುಕ್ಕಿಗೆ ಜಾಮೀನಾಗಿ ಒದಗುತ್ತಿದೆ.

ಕರ್ಪೂರ ಹಚ್ಚಿದ ಹೊತ್ತಿನಲ್ಲಿ ಮಗ ಆಡಿದ ಮಾತು ಸುಳ್ಳಾಗಿರಲಿಲ್ಲ ಎಂದೇ ನಾನು ನಂಬುತ್ತೇನೆ. ಜೂಜಿನ ಗೀಳು ಒಂದು ಕಾಯಿಲೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ ಅದು ವ್ಯಸನಗಳ ಸಾಲಿನಲ್ಲಿಯೇ ಇದೆ. 47 ಬರೆಸಿದವನಿಗೆ 48 ಬಂದರೆ ಸೋತೆನೆಂದು ಅನ್ನಿಸುವುದಿಲ್ಲ, ಕೂದಲೆಳೆಯಲ್ಲಿ ತಪ್ಪಿತು ಅನ್ನಿಸುತ್ತದೆ. ನಾಳೆ ಮತ್ತೆ ಅದೇ ಬಾಗಿಲಿಗೆ ಕರೆದೊಯ್ಯುವುದು ಆ ಅನಿಸಿಕೆಯೇ. ಕ್ರಿಕೆಟ್‌ನಲ್ಲಿ ಯಾರು ಗೆಲ್ಲುತ್ತಾರೆ ಎಂಬುದಕ್ಕಷ್ಟೇ ಅಲ್ಲ, ಈ ಓವರಿನಲ್ಲಿ ಎಷ್ಟು ರನ್ ಎಂಬುದಕ್ಕೂ ಹಣ ಕಟ್ಟಿಸಿಕೊಳ್ಳುವುದರಿಂದ, ಕಳೆದುಕೊಂಡದ್ದನ್ನು ಹಿಂದಕ್ಕೆ ತರುವ ಆಸೆಗೆ ಒಂದು ಸಂಜೆಯಲ್ಲಿ ಹತ್ತಾರು ಅವಕಾಶಗಳು ಸಿಗುತ್ತವೆ. ಇಷ್ಟು ಬಲವಾದ ಸೆಳೆತದ ಎದುರು ಆಣೆಯೊಂದೇ ನಿಲ್ಲಲಾರದು, ಚಿಕಿತ್ಸೆ ಬೇಕು. ಮಂಡ್ಯ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. ಹೊರರೋಗಿ ಚೀಟಿ ಮಾಡಿಸಿ, ಅವನೊಂದಿಗೆ ನೀವೂ ಹೋಗಿ ಕುಳಿತುಕೊಳ್ಳಿ. ಅವನು ಬರಲು ಒಪ್ಪದಿದ್ದರೆ ನೀವೊಬ್ಬರೇ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ಅದು ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲಿಯೇ ಮಾತನಾಡುತ್ತಾರೆ. ಮಗ ನಿದ್ದೆಗೆಟ್ಟು ಕೂರುತ್ತಿದ್ದರೆ, ತಾನಿಲ್ಲದಿದ್ದರೆ ಎಲ್ಲ ಸರಿಹೋಗುತ್ತದೆ ಎಂಬಂಥ ಮಾತು ಬಾಯಿಗೆ ಬಂದರೆ, ಬೈದು ಸುಮ್ಮನಾಗಬೇಡಿ. ಅವನನ್ನು ಒಬ್ಬನೇ ಬಿಡದೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ.

ಇನ್ನು ಸಾಲದ ವಿಷಯ. ಯಾರಿಗೆ ಎಷ್ಟು ಕೊಡಬೇಕೆಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಅವನ ಕೈಯಿಂದಲೇ ಬರೆಯಿಸಿ. ಮೊದಲ ದಿನವೇ ಪೂರ್ತಿ ಪಟ್ಟಿ ಹೊರಬೀಳುವುದಿಲ್ಲ, ಎರಡು ಮೂರು ಬಾರಿ ಕೂರಿಸಬೇಕಾಗುತ್ತದೆ. ಬಳೆಗಳ ಬಡ್ಡಿಯನ್ನು ಅವನ ಸಂಬಳದಿಂದ ಕಟ್ಟಿಸಿ, ಏಕೆಂದರೆ ವಾಯಿದೆ ಮೀರಿದರೆ ಅವು ಕೈತಪ್ಪುತ್ತವೆ. ಸ್ನೇಹಿತರ ಕೈಸಾಲವನ್ನು ಕಂತಿನಲ್ಲಿ ಅವನೇ ದುಡಿದು ತೀರಿಸಲಿ. ಬುಕ್ಕಿಗೆ ಬಾಕಿಯಿರುವ ಬಾಜಿಯ ಹಣದ ಮಾತು ಬೇರೆ: 1872ರ ಭಾರತೀಯ ಕರಾರು ಕಾಯ್ದೆಯ 30ನೇ ಕಲಮಿನ ಪ್ರಕಾರ ಬಾಜಿಯ ಒಪ್ಪಂದವೇ ಅನೂರ್ಜಿತ, ಅದನ್ನು ಯಾವ ನ್ಯಾಯಾಲಯದಲ್ಲಿಯೂ ವಸೂಲಿ ಮಾಡಲು ಬರುವುದಿಲ್ಲ. ಮೀಟರ್ ಬಡ್ಡಿಯವರಿಗೂ ನೀವು ನಡುಗಬೇಕಾಗಿಲ್ಲ. ವಿಪರೀತ ಬಡ್ಡಿ ವಸೂಲಿಯನ್ನು ಕರ್ನಾಟಕದಲ್ಲಿ 2004ರ ಕಾಯ್ದೆ ನಿಷೇಧಿಸಿದೆ. ಅವರು ಬಾಗಿಲಿಗೆ ಬಂದ ದಿನ, ಹೊತ್ತು, ಆಡಿದ ಮಾತು ಎಲ್ಲವನ್ನೂ ಬರೆದಿಟ್ಟುಕೊಳ್ಳಿ. ಬೆದರಿಸಿದರೆ 112ಕ್ಕೆ ಕರೆ ಮಾಡಿ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಹೆಣ್ಣುಮಕ್ಕಳಿಗೆ ಆದಾಯ ಎಷ್ಟಿದ್ದರೂ ವಕೀಲರ ನೆರವು ಉಚಿತ. ಅದರ ಸಹಾಯವಾಣಿ 15100. ಸಂಬಳ ಬಂದ ದಿನವೇ ಹಣ ನಿಮ್ಮ ಖಾತೆಗೆ ಬರಲಿ, ಅವನ ಯುಪಿಐ ಮಿತಿಯನ್ನು ಇಳಿಸಿ, ಆದರೆ ಬಸ್ಸಿಗೆ, ಊಟಕ್ಕೆ, ಟೀಗೆ ಬೇಕಾದಷ್ಟು ಅವನ ಕೈಯಲ್ಲಿರಲಿ. ಪೂರ್ತಿ ಬರಿಗೈ ಮಾಡಿದರೆ ಮತ್ತೆ ಕೈಸಾಲವೇ ಗತಿಯಾಗುತ್ತದೆ. ಫೋನನ್ನೂ ಗಮನಿಸಿ. ಅಂಗಡಿಗೆ ಹೋಗದಿದ್ದರೂ ಏಜೆಂಟರು ಬೆಟ್ಟಿಂಗ್ ಆ್ಯಪ್‌ಗಳ ಐಡಿ ಕೊಟ್ಟು ಮನೆಯಿಂದಲೇ ಆಡಿಸುತ್ತಾರೆ.

ಪೊಲೀಸರ ಭಯದ ಬಗ್ಗೆ ನಿಮಗೆ ಹುಸಿ ಧೈರ್ಯ ಹೇಳಲಾರೆ. 1963ರ ಕರ್ನಾಟಕ ಪೊಲೀಸ್ ಕಾಯ್ದೆಯಡಿ ಜೂಜಿನ ಅಡ್ಡೆ ನಡೆಸುವವರ ಮೇಲಷ್ಟೇ ಅಲ್ಲ, ಅಲ್ಲಿ ಆಡುವಾಗ ಸಿಕ್ಕವರ ಮೇಲೂ ಪ್ರಕರಣವಾಗಬಹುದು. ಹಾಗೆಂದು ಇಡೀ ಬೀದಿ ಬಾಯಿ ಮುಚ್ಚಿಕೊಂಡಿದ್ದರೆ ಮುಂದಿನ ವರ್ಷ ಎದುರು ಮನೆಯ ಹುಡುಗನ ಸರದಿ. ಗುಂಪು ಕಟ್ಟಿಕೊಂಡು ಅನಧಿಕೃತ ಬೆಟ್ಟಿಂಗ್ ನಡೆಸುವವರಿಗೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 112ನೇ ಕಲಮಿನಡಿ ಒಂದರಿಂದ ಏಳು ವರ್ಷಗಳವರೆಗೆ ಶಿಕ್ಷೆಯಿದೆ. ದೂರನ್ನು ನೀವೊಬ್ಬರೇ ಕೊಡಬೇಡಿ. ಟ್ಯೂಷನ್ನಿಗೆ ಹೋಗುವ ಹೆಣ್ಣುಮಕ್ಕಳ ತಾಯಂದಿರನ್ನು ಸೇರಿಸಿ ಹತ್ತು ಹದಿನೈದು ಜನ ಸಹಿ ಮಾಡಿ. ಆಡುವ ಹುಡುಗರ ಹೆಸರು ಬರೆಯುವ ಅಗತ್ಯವಿಲ್ಲ, ಅಂಗಡಿ, ಹೊತ್ತು, ರಸ್ತೆಯಲ್ಲಿ ಕುಡಿತ, ಹೆಣ್ಣುಮಕ್ಕಳಿಗೆ ಆಡುವ ಮಾತು ಇಷ್ಟನ್ನು ಸ್ಪಷ್ಟವಾಗಿ ಬರೆಯಿರಿ. ಠಾಣೆಯಲ್ಲಿ ಸ್ವೀಕೃತಿ ಕೇಳಿ ಪಡೆದುಕೊಳ್ಳಿ. ಒಂದು ಪ್ರತಿಯನ್ನು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಯವರ ಕಚೇರಿಗೂ, ಇನ್ನೊಂದನ್ನು ಅಂಗಡಿಯ ಉದ್ದಿಮೆ ಪರವಾನಗಿಯನ್ನು ಪರಿಶೀಲಿಸುವಂತೆ ಕೋರಿ ನಗರಸಭೆಗೂ ಕೊಡಿ.

ಪ್ರಶ್ನೆ: ನಿವೃತ್ತರಾದ ನಮ್ಮ ತಂದೆಯವರು ಪಿಂಚಣಿಯ ಬಹುಪಾಲನ್ನು ಕುದುರೆ ರೇಸಿಗೆ ಸುರಿಯುತ್ತಿದ್ದಾರೆ. ಕೇಳಿದರೆ, ಕಾನೂನು ಒಪ್ಪಿರುವುದು ಜೂಜು ಹೇಗಾಗುತ್ತದೆ ಎಂದು ನಮ್ಮನ್ನೇ ಗದರಿಸುತ್ತಾರೆ.
ಓದುಗರು, ಮೈಸೂರು

ಉತ್ತರ: ಕುದುರೆ ರೇಸು ಕೌಶಲದ ಆಟವೆಂದು ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿರುವುದು ನಿಜ, ಆದ್ದರಿಂದ ಆ ವಾದದಲ್ಲಿ ನೀವು ಅವರನ್ನು ಗೆಲ್ಲಲಾರಿರಿ. ಮದ್ಯದ ಅಂಗಡಿಗೂ ಪರವಾನಗಿ ಇದೆ, ಕುಡಿತದ ಚಟಕ್ಕೆ ಆಸ್ಪತ್ರೆಯೂ ಇದೆ. ಕಾನೂನಿನ ಚರ್ಚೆಯನ್ನು ಬಿಟ್ಟು, ಕಳೆದ ಆರು ತಿಂಗಳ ಬ್ಯಾಂಕ್ ಪಾಸ್‌ಬುಕ್ಕನ್ನು ಅವರ ಪಕ್ಕದಲ್ಲಿ ಕುಳಿತು ಸಾಲುಸಾಲಾಗಿ ಓದಿ. ನಿಮ್ಮ ತಾಯಿಯವರ ಔಷಧಿಗೆ, ಮನೆಖರ್ಚಿಗೆ ಬೇಕಾದ ಹಣವನ್ನು ಪಿಂಚಣಿ ಬಂದ ದಿನವೇ ಬೇರೆ ಖಾತೆಗೆ ಹಾಕಲು ಮೊದಲು ಒಪ್ಪಿಸಿ. ಅದಕ್ಕೂ ಒಪ್ಪದಿದ್ದರೆ, ಅವರು ಗೌರವಿಸುವ ಹಳೆಯ ಸಹೋದ್ಯೋಗಿಯೊಬ್ಬರನ್ನು ಮನೆಗೆ ಕರೆದು ಅವರ ಮುಂದೆ ಅದೇ ಪಾಸ್‌ಬುಕ್ಕನ್ನು ತೆರೆಯಿರಿ.