ಕಲ್ಲು ಕೆತ್ತುವ ಸಿಎನ್‌ಸಿ ಯಂತ್ರದಲ್ಲಿ ಪ್ಲೇ ಎಲ್ಲಿ ಕೂತಿದೆ?

ಪ್ರಶ್ನೆ: ಇಳಕಲ್ ಕೆಂಪು ಗ್ರಾನೈಟ್‌ನಲ್ಲಿ ನಾಮಫಲಕ, ಅಡಿಗಲ್ಲು ಕೆತ್ತುವ ಕೆಲಸ ನಮ್ಮದು. ಕಂಪ್ಯೂಟರ್ ನಡೆಸುವ ಈ (ಸಿಎನ್‌ಸಿ) ಯಂತ್ರಕ್ಕೆ ಮೂರು ವರ್ಷವಾಯಿತು. ಎಕ್ಸ್ (ಎಡಬಲ), ವೈ (ಹಿಂದೆ-ಮುಂದೆ) ಎರಡಕ್ಕೂ ರ‍್ಯಾಕ್-ಪಿನಿಯನ್ (ಹಲ್ಲಿನ ಪಟ್ಟಿಯ ಮೇಲೆ ಓಡುವ ಹಲ್ಲಿನ ಚಕ್ರ), ಝಡ್‌ಗೆ (ಮೇಲೆ-ಕೆಳಗೆ) ಬಾಲ್ ಸ್ಕ್ರೂ (ಗುಂಡುಗಳ ಮೇಲೆ ನಟ್ ಓಡುವ ತಿರುಪು). ಈಚೆಗೆ ‘ಠ’, ‘ರ’ ಕೆತ್ತಿದರೆ ಎಡಬಲದಲ್ಲಿ ಚಪ್ಪಟೆಯಾಗುತ್ತವೆ, ಸುತ್ತಿ ಬಂದ ಗೆರೆ ಶುರುವಾದ ಜಾಗಕ್ಕೆ ಕೂಡುವುದಿಲ್ಲ. ಕಂಟ್ರೋಲರ್‌ನಲ್ಲಿ 0.4 ಮಿ.ಮೀ. ಬ್ಯಾಕ್‌ಲ್ಯಾಶ್ (ದಿಕ್ಕು ತಿರುಗುವಾಗ ಸಡಿಲದಲ್ಲಿ ಕಳೆದುಹೋಗುವ ಚಲನೆಯ ಲೆಕ್ಕ) ಹಾಕಿಕೊಳ್ಳಿ ಎಂದು ಸರ್ವಿಸ್‌ನವರು ಫೋನಿನಲ್ಲೇ ಹೇಳಿದರು. ಹಾಕಬಹುದೇ?

ಉತ್ತರ: ಈಗಲೇ ಬೇಡ. ಅಳೆಯದೆ ಹಾಕಿದ ಸಂಖ್ಯೆ ರೋಗವನ್ನು ಮುಚ್ಚುತ್ತದೆ, ವಾಸಿ ಮಾಡುವುದಿಲ್ಲ. ನಮ್ಮ ಲಿಪಿ ದುಂಡಗಿರುವುದು ಒಂದು ರೀತಿ ಒಳ್ಳೆಯದೇ ಆಯಿತು. ನೆಟ್ಟ ಗೆರೆಯಲ್ಲಿ ಅಡಗಿಕೊಳ್ಳುವ ಪ್ಲೇ, ಅಂದರೆ ಭಾಗಗಳ ನಡುವಿನ ಸಡಿಲ, ಕನ್ನಡ ಅಕ್ಷರದಲ್ಲಿ ಬಯಲಿಗೆ ಬರುತ್ತದೆ.

ಮೊದಲು ಕಲ್ಲು ಬೇಡ, ಕಾಗದ ಸಾಕು. ಸ್ಪಿಂಡಲ್ (ಟೂಲ್ ತಿರುಗಿಸುವ ಮೋಟರ್) ಆಫ್ ಮಾಡಿ, ಟೂಲ್ ಜಾಗದಲ್ಲಿ ಸಣ್ಣ ಮೊನೆಯ ಪೆನ್ ಕಟ್ಟಿ, 200 ಮಿ.ಮೀ. ವ್ಯಾಸದ ವೃತ್ತವನ್ನು ಒಮ್ಮೆ ಬಲಸುತ್ತು, ಅದರ ಮೇಲೇ ಒಮ್ಮೆ ಎಡಸುತ್ತು ಬರೆಸಿ. ಎಡಬಲದಲ್ಲಿ ಗೆರೆ ಎರಡಾಗಿ ಒಡೆದರೆ ಎಕ್ಸ್‌ನಲ್ಲಿ ಪ್ಲೇ ಇದೆ; ಮೇಲೆ-ಕೆಳಗೆ ಒಡೆದರೆ ವೈಯಲ್ಲಿ. ಕಾಗದದ ಮೇಲೆ ಎರಡೂ ಒಂದೇ ಗೆರೆಯಾಗಿ ಕೂತು, ಕಲ್ಲಿನಲ್ಲಿ ಮಾತ್ರ ಕೆಟ್ಟರೆ ಅದು ಬಹುಪಾಲು ಬಾಗುವಿಕೆ: ಟೂಲ್ ಮೊಂಡಾಗಿದೆ, ಇಲ್ಲವೇ ಒಮ್ಮೆಗೇ ಹೆಚ್ಚು ಆಳ ಇಳಿಸುತ್ತಿದ್ದೀರಿ.

ಈಗ ಅಳತೆ. ಕಂಟ್ರೋಲರ್‌ನಲ್ಲಿ ಈಗಾಗಲೇ ಇರುವ ಬ್ಯಾಕ್‌ಲ್ಯಾಶ್ ಸಂಖ್ಯೆಯನ್ನು ಬರೆದಿಟ್ಟುಕೊಂಡು ಸೊನ್ನೆ ಮಾಡಿ. ಕಂಟ್ರೋಲರ್ ಮ್ಯಾಕ್3 ಆದರೆ ಬ್ಯಾಕ್‌ಲ್ಯಾಶ್ ಪುಟದಲ್ಲಿ ಟಿಕ್ ತೆಗೆಯಿರಿ, ಫಾನುಕ್ ಆದರೆ ಪ್ಯಾರಾಮೀಟರ್ 1851. ಇದನ್ನು ಮರೆತರೆ ಮುಂದಿನದೆಲ್ಲ ವ್ಯರ್ಥ. 0.01 ಮಿ.ಮೀ. ಗೆರೆಯ ಡಯಲ್ ಗೇಜನ್ನು ಮ್ಯಾಗ್ನೆಟ್ ಸ್ಟ್ಯಾಂಡ್‌ನೊಂದಿಗೆ ಯಂತ್ರದ ಉಕ್ಕಿನ ಚೌಕಟ್ಟಿನ ಮೇಲೆ ಕೂರಿಸಿ, ಅದರ ಕಡ್ಡಿ ಸ್ಪಿಂಡಲ್ ಕ್ಲ್ಯಾಂಪಿಗೆ ತಾಗಲಿ. ಕಡ್ಡಿ ಅಕ್ಷಕ್ಕೆ ನೇರವಾಗಿರಬೇಕು, ಓರೆಯಾದರೆ ಓದು ಸುಳ್ಳಾಗುತ್ತದೆ. ಮುಂದಿನ ಚಲನೆಗೆ ಜಾಗ ಉಳಿಯುವಷ್ಟು ಕಡ್ಡಿ ಒಳಗೆ ಒತ್ತಿಕೊಂಡಿರಲಿ.

ಜಾಗ್ (ಗುಂಡಿ ಒತ್ತಿ ನಡೆಸುವ) ಹೆಜ್ಜೆಯನ್ನು 0.1 ಮಿ.ಮೀ.ಗೆ ಇಟ್ಟು ಒಂದೇ ದಿಕ್ಕಿನಲ್ಲಿ ಹತ್ತು ಹೆಜ್ಜೆ ನಡೆಸಿ. ಪ್ರತಿ ಹೆಜ್ಜೆಗೂ ಮುಳ್ಳು ಹತ್ತು ಗೆರೆ ಸರಿಯುತ್ತಿದೆ ಎಂದು ಖಾತ್ರಿಯಾದ ಮೇಲೆ ನಿಲ್ಲಿಸಿ ಡಯಲನ್ನು ಸೊನ್ನೆಗೆ ತಿರುಗಿಸಿ. ಅದೇ ದಿಕ್ಕಿನಲ್ಲಿ ಇನ್ನೂ 1 ಮಿ.ಮೀ. ಮುಂದೆ ಹೋಗಿ, 1 ಮಿ.ಮೀ. ವಾಪಸ್ ಬನ್ನಿ. ಪರದೆ ಹಳೆಯ ಜಾಗ ತೋರಿಸುತ್ತದೆ. ಮುಳ್ಳು ಸೊನ್ನೆಗೆ ಎಷ್ಟು ಕಡಿಮೆ ಬಂದು ನಿಂತಿತೋ ಅಷ್ಟು ಪ್ಲೇ. ಐದು ಸಲ ಮಾಡಿ. ಮೇಜಿನ ಎರಡು ತುದಿ, ನಡುಮಧ್ಯ, ಹೀಗೆ ಮೂರು ಕಡೆ ಅಳೆಯಿರಿ. ದಿನಾ ಕಲ್ಲು ಇಡುವುದು ಒಂದೇ ಜಾಗದಲ್ಲಾದರೆ ರ‍್ಯಾಕ್ ಸವೆಯುವುದೂ ಅಲ್ಲೇ. ಗ್ಯಾಂಟ್ರಿಗೆ (ಮೇಜಿನ ಮೇಲೆ ಅಡ್ಡಲಾಗಿ ನಿಂತ ಚೌಕಟ್ಟಿಗೆ) ಎರಡು ಕಡೆ ಮೋಟರ್ ಇದ್ದರೆ ಎರಡೂ ಕಾಲಿಗೆ ಬೇರೆಬೇರೆಯಾಗಿ ಡಯಲ್ ಇಡಲೇಬೇಕು; ಒಂದು ಕಾಲು ತಡವಾಗಿ ತಿರುಗಿದರೆ ಚೌಕ ಓರೆಯಾಗುತ್ತದೆ.

0.4 ಬಂದರೆ ಒಂದು ಚಿಕ್ಕ ಲೆಕ್ಕ ಹಾಕಿ. ಮಾಡ್ಯೂಲ್ (ಹಲ್ಲಿನ ಗಾತ್ರ) 2, 20 ಹಲ್ಲಿನ ನೇರ ಪಿನಿಯನ್‌ನ ತ್ರಿಜ್ಯ 20 ಮಿ.ಮೀ. ಗೇರ್‌ಬಾಕ್ಸ್‌ನಲ್ಲಿ 10 ಆರ್ಕ್ ಮಿನಿಟ್ (ಡಿಗ್ರಿಯ ಆರನೇ ಒಂದು ಭಾಗ) ಪ್ಲೇ ಇದ್ದರೂ ರ‍್ಯಾಕ್ ಮೇಲೆ ಅದು 0.06 ಮಿ.ಮೀ. ಮಾತ್ರ. 0.4 ಬರಬೇಕಾದರೆ ಗೇರ್‌ಬಾಕ್ಸ್ ಒಂದು ಡಿಗ್ರಿಗಿಂತ ಹೆಚ್ಚು ಸಡಿಲವಾಗಿರಬೇಕು, ಅಷ್ಟಾದರೆ ಕೈಗೇ ಗೊತ್ತಾಗುತ್ತದೆ. ಆದರೆ ಪಿನಿಯನ್ ರ‍್ಯಾಕ್‌ನಿಂದ ಬರೀ ಅರ್ಧ ಮಿ.ಮೀ. ಹಿಂದೆ ಸರಿದರೆ 0.36 ಮಿ.ಮೀ. ಪ್ಲೇ ಹುಟ್ಟುತ್ತದೆ. ಆದ್ದರಿಂದ ಗೇರ್‌ಬಾಕ್ಸ್ ಬಿಚ್ಚುವ ಮೊದಲು ಮೋಟರ್ ಪ್ಲೇಟಿನ ಬೋಲ್ಟ್ ಮತ್ತು ಪಿನಿಯನ್ ನೋಡಿ. ಕಪ್ಲಿಂಗ್ (ಶಾಫ್ಟ್‌ಗಳನ್ನು ಜೋಡಿಸುವ ಭಾಗ), ಶಾಫ್ಟ್ ಎರಡರ ಮೇಲೂ ಹಾಯುವಂತೆ ಮಾರ್ಕರ್‌ನಿಂದ ಒಂದು ಗೆರೆ ಎಳೆದು ಅರ್ಧ ದಿನ ಕೆಲಸ ಮಾಡಿ. ಗೆರೆ ಮುರಿದಿದ್ದರೆ ಕಪ್ಲಿಂಗನ್ನು ಶಾಫ್ಟಿಗೆ ಹಿಡಿದ ಗ್ರಬ್ ಸ್ಕ್ರೂ ಜಾರುತ್ತಿದೆ.

ಮೆಶ್ (ಹಲ್ಲುಗಳ ಕಚ್ಚು) ಬಿಗಿ ಮಾಡುವಾಗ ಎಲ್ಲರೂ ಒಂದು ತಪ್ಪು ಮಾಡುತ್ತಾರೆ: ಸವೆದ ನಡುಭಾಗದಲ್ಲಿ ನಿಲ್ಲಿಸಿಕೊಂಡು ಬಿಗಿ ಮಾಡುವುದು. ಅಲ್ಲಿ ಪ್ಲೇ ಹೋಗುತ್ತದೆ, ಸವೆಯದ ತುದಿಗೆ ಹೋದಾಗ ಪಿನಿಯನ್ ಕಚ್ಚಿಕೊಂಡು ಮೋಟರ್ ಅಲಾರಂ ಹೊಡೆಯುತ್ತದೆ. ರ‍್ಯಾಕ್‌ನ ಅತಿ ಬಿಗಿಯಾದ ಜಾಗದಲ್ಲೇ ಸೆಟ್ ಮಾಡಿ, ಪೂರ್ತಿ ಉದ್ದ ಓಡಿಸಿ ನೋಡಿ. ಅಷ್ಟಾದರೂ ನಡುವೆ ಪ್ಲೇ ಉಳಿದರೆ ಆ ಭಾಗದ ರ‍್ಯಾಕ್ ತುಂಡನ್ನು, ಜೊತೆಗೆ ಪಿನಿಯನ್ನನ್ನೂ ಬದಲಿಸಿ. ಹಳೆಯ ಪಿನಿಯನ್ ಹೊಸ ರ‍್ಯಾಕನ್ನೂ ಬೇಗ ತಿನ್ನುತ್ತದೆ.

ಮೂರೇ ವರ್ಷಕ್ಕೆ ಹೀಗೇಕೆ? ಗ್ರಾನೈಟ್‌ನ ಸ್ಫಟಿಕಶಿಲೆ ಗಡಸುತನದ ಮೋಸ್ ಮಾಪನದಲ್ಲಿ 7. ನೀರಿನ ಕೆಸರು ರ‍್ಯಾಕ್‌ನ ಗ್ರೀಸಿಗೆ ಬೆರೆತರೆ ಅದು ಗ್ರೀಸ್ ಅಲ್ಲ, ಸಾಣೆ ಹಿಡಿಯುವ ಲೇಪ. ಬೆರಳಿಗೆ ಹಚ್ಚಿ ತಿಕ್ಕಿ ನೋಡಿ, ಕರಕರ ಎಂದರೆ ಹಳೆಯದನ್ನು ಪೂರ್ತಿ ತೊಳೆದು ಹೊಸದು ಹಚ್ಚಿ. ಹಳೆಯದರ ಮೇಲೇ ಮೆತ್ತಬೇಡಿ. ಹರಿದ ಬೆಲ್ಲೋಸ್ (ಕೆಸರು, ಧೂಳು ತಡೆಯುವ ಮಡಿಕೆ ಹೊದಿಕೆ) ಅಂದೇ ಬದಲಾಗಲಿ.

ಇಷ್ಟೆಲ್ಲ ಆದ ಮೇಲೆ ಉಳಿದ 0.05ರಷ್ಟನ್ನು ಕಂಟ್ರೋಲರ್‌ಗೆ ಕೊಡಿ, ತಪ್ಪಿಲ್ಲ. ಆದರೆ ಅದು ದಿಕ್ಕು ತಿರುಗಿದಾಗ ಮೋಟರನ್ನು ಅಷ್ಟು ಹೆಚ್ಚು ತಿರುಗಿಸುತ್ತದೆಯೇ ಹೊರತು ಪಿನಿಯನ್ನನ್ನು ಹಿಡಿದಿಡುವುದಿಲ್ಲ. ಕತ್ತರಿಸುವ ಬಲ ಟೂಲನ್ನು ಎಳೆದ ಕಡೆ ಆ ಸಂದು ಮತ್ತೆ ಬಾಯಿ ಬಿಡುತ್ತದೆ. 0.4ರಷ್ಟು ದೊಡ್ಡ ಸಂದನ್ನು ಸಂಖ್ಯೆಯಿಂದ ತುಂಬಬಾರದು ಎನ್ನುವುದು ಇದಕ್ಕೇ.

ಪ್ರಶ್ನೆ: 1000 ಮಿ.ಮೀ. ಕತ್ತರಿಸಿದರೆ 998.5 ಬರುತ್ತದೆ, 500 ಕತ್ತರಿಸಿದರೆ 499.25. ಇದೂ ಬ್ಯಾಕ್‌ಲ್ಯಾಶ್ ತಾನೇ?

ಉತ್ತರ: ಅಲ್ಲ. ಬ್ಯಾಕ್‌ಲ್ಯಾಶ್ ದೂರ ನೋಡಿ ಬೆಳೆಯುವುದಿಲ್ಲ. 50ಕ್ಕೂ 1000ಕ್ಕೂ ಅಷ್ಟೇ ಇರುತ್ತದೆ. ನಿಮ್ಮಲ್ಲಿ ಅರ್ಧ ದೂರಕ್ಕೆ ಅರ್ಧ ತಪ್ಪು. ಒಂದು ಮಿ.ಮೀ. ಚಲನೆಗೆ ಮೋಟರಿಗೆ ಎಷ್ಟು ಪಲ್ಸ್ ಎನ್ನುವ ಲೆಕ್ಕ ತಪ್ಪಿದೆ. ಒಂದೇ ದಿಕ್ಕಿನಲ್ಲಿ ನಡೆಸಿ ಅಳೆದು, ಈಗಿನ ಪಲ್ಸ್ ಸಂಖ್ಯೆಯನ್ನು 1000 ÷ 998.5ರಿಂದ ಗುಣಿಸಿ ಹಾಕಿ. ಬ್ಲೇಡಿನ ದಪ್ಪ ಇದರಲ್ಲಿ ಸೇರಿಕೊಳ್ಳದ ಹಾಗೆ ಕತ್ತರಿಸದೆ, ಗುರುತು ಹಾಕಿ ಅಳೆಯಿರಿ.

ಪ್ರಶ್ನೆ: ಝಡ್ ಅಕ್ಷದಲ್ಲಿ ಡಯಲ್ ಸೊನ್ನೆ ತೋರಿಸುತ್ತದೆ. ಆದರೂ ಅಕ್ಷರದ ಆಳ ಒಂದೇ ಸಮ ಬರುವುದಿಲ್ಲ.

ಉತ್ತರ: ಸ್ಪಿಂಡಲ್‌ನ ಭಾರವೇ ನಟ್ಟನ್ನು ಸದಾ ಕೆಳಕ್ಕೆ ಒತ್ತಿ ಹಿಡಿದಿರುವುದರಿಂದ ಜಾಗ್ ಮಾಡಿದರೆ ಪ್ಲೇ ಕಾಣುವುದಿಲ್ಲ. ಕಲ್ಲು ಟೂಲನ್ನು ಮೇಲಕ್ಕೆ ನೂಕಿದಾಗ ಎದ್ದು ಬರುತ್ತದೆ. ಟೂಲ್ ತೆಗೆದು, ಸ್ಪಿಂಡಲ್ ತಿರುಗದಂತೆ ಮಾಡಿ, ಝಡ್ ಮೋಟರ್ ಮಾತ್ರ ಹಿಡಿತದಲ್ಲಿರುವಾಗ ಕ್ಲ್ಯಾಂಪಿನ ಅಡಿಗೆ ಮರದ ತುಂಡು ಕೊಟ್ಟು ಮೀಟಿ. ಥಟ್ಟನೆ ಸಲೀಸಾಗಿ ಎದ್ದು ಒಂದು ಜಾಗದಲ್ಲಿ ಗಟ್ಟಿಯಾಗಿ ನಿಂತರೆ ಅದು ಪ್ಲೇ. ಬಲ ಹಾಕಿದಷ್ಟೂ ಸ್ವಲ್ಪಸ್ವಲ್ಪವೇ ಏಳುತ್ತ ಹೋದರೆ ಬಾಗುವಿಕೆ.

ಪ್ಲೇ ಆದರೆ ಸ್ಕ್ರೂವಿನ ತುದಿಯ ಕುಳಿಗೆ ಗ್ರೀಸ್ ಮೆತ್ತಿ ಒಂದು ಉಕ್ಕಿನ ಗುಂಡು ಅಂಟಿಸಿ, ಡಯಲ್‌ನ ಕಡ್ಡಿಯನ್ನು ಅದಕ್ಕೆ ತಾಗಿಸಿ ಮತ್ತೆ ಮೀಟಿ. ಗುಂಡೂ ಎದ್ದರೆ ಬೇರಿಂಗ್ ಅಥವಾ ಅದರ ಲಾಕ್‌ನಟ್ ಸಡಿಲ. ಗುಂಡು ಕದಲದೆ ಸ್ಪಿಂಡಲ್ ಮಾತ್ರ ಎದ್ದರೆ ಮೊದಲು ನಟ್ಟಿನ ಬೋಲ್ಟ್‌ಗಳನ್ನು ಬಿಗಿ ಮಾಡಿ ನೋಡಿ. ಆಮೇಲೂ ಎದ್ದರೆ ಬಾಲ್ ಸ್ಕ್ರೂ ನಟ್ ಸವೆದಿದೆ.